ಫಾರ್ಮ್ಯಾಟ್ ಮಾಡುವ ಮೊದಲು ಕೇಬಲ್ ನೋಡಿ

ಗೇಮ್ ಆಡುವಾಗ ಟಕ್ಕಂತ ಆಫ್ ಆಗುತ್ತಿದ್ದ ಅಕ್ಕನ ಮಗನ ಕಂಪ್ಯೂಟರ್ ಕೊನೆಗೂ ಸರಿಹೋಯಿತು. ಎರಡು ಗಂಟೆಯಿಂದ ಗೇಮ್ ಆಡುತ್ತಿದ್ದಾನೆ, ಒಂದು ಸಲವೂ ಆಫ್ ಆಗಿಲ್ಲ. ಅವನ ಮುಖ ನೋಡಿ ಖುಷಿಯಾಯಿತು, ಜೊತೆಗೇ ಸಿಟ್ಟೂ ಬಂತು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಈ ಹುಡುಗ ಮೂರು ಸಲ ವಿಂಡೋಸ್ ಹಾಕಿದ್ದಾನೆ. ಮೂರನೇ ಸಲ ಕಾಲೇಜಿನ ಪ್ರಾಜೆಕ್ಟ್ ಫೈಲುಗಳೂ ಹೋದವು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಫಾರ್ಮ್ಯಾಟ್ ಮಾಡು.

ಒಬ್ಬರಾದರೂ ಕ್ಯಾಬಿನೆಟ್ ಬಿಚ್ಚಿ ನೋಡಬೇಡವೇ?

ಬಿಚ್ಚುವ ಮೊದಲು ನಾನು ಕಾರ್ಡಿನ ಪವರ್ ಲಿಮಿಟ್, ಅಂದರೆ ಅದು ಎಳೆಯುವ ಕರೆಂಟಿನ ಮಿತಿ, ಶೇಕಡ 70ಕ್ಕೆ ಇಳಿಸಿ ಗೇಮ್ ಓಡಿಸಿದೆ. ಆಫ್ ಆಗಲಿಲ್ಲ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು: ತೊಂದರೆ ಕರೆಂಟಿನದ್ದೇ ಇರಬೇಕು. ಬಿಚ್ಚಿದರೆ ಕಾರ್ಡಿನ ಮೇಲೆ ಎರಡು 8 ಪಿನ್ ಸಾಕೆಟ್. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಬಂದಿರುವ ಕೇಬಲ್ ಮಾತ್ರ ಒಂದೇ. ಅದರ ತುದಿಯಲ್ಲಿದ್ದ ಎರಡು ಕನೆಕ್ಟರನ್ನೂ ಸಿಕ್ಕಿಸಿಬಿಟ್ಟಿದ್ದಾರೆ. ಮದರ್‌ಬೋರ್ಡ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಒಂದು 8 ಪಿನ್ ಕನೆಕ್ಟರ್‌ನ ಲೆಕ್ಕ 150 ವ್ಯಾಟ್. ಎರಡು ಕನೆಕ್ಟರ್‌ನ ಭಾರ ಇಲ್ಲಿ ಒಂದೇ ಕೇಬಲ್ ಮೇಲೆ ಬಿದ್ದಿತ್ತು.

ಕಾರ್ಡ್ ಎಳೆಯುವ ಕರೆಂಟ್ ಒಂದೇ ಸಮ ಇರುವುದಿಲ್ಲ. ಕೆಲವು ಮಿಲಿಸೆಕೆಂಡ್ ಮಟ್ಟಿಗೆ, ಡಬ್ಬದ ಮೇಲೆ ಬರೆದ ವ್ಯಾಟ್‌ಗಿಂತ ಎಷ್ಟೋ ಮೇಲಕ್ಕೆ ಜಿಗಿಯುತ್ತದೆ. ಅದನ್ನು ತಾಳಲಾಗದಿದ್ದರೆ ಎಸ್‌ಎಂಪಿಎಸ್ ತನ್ನನ್ನು ಉಳಿಸಿಕೊಳ್ಳಲು ಟಕ್ಕಂತ ಆಫ್ ಆಗುತ್ತದೆ. ಎಸ್‌ಎಂಪಿಎಸ್ ತಯಾರಕರಿಗೆಂದು 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಇಂಥ ಜಿಗಿತಗಳಿಗೆಂದೇ ಹೊಸ ಲೆಕ್ಕ ಸೇರಿಸಿದರು. ಅಂದರೆ ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಇತ್ತು. ಅದನ್ನೇ ತೋರಿಸಿ ರಿಪೇರಿಯವರು ವಿಂಡೋಸ್ ಹಾಳಾಗಿದೆ ಅಂದರಂತೆ. ಅದರ ಅರ್ಥ ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ಮತ್ತೆ ಶುರುವಾಗಿದೆ. ಯಾಕೆ ಅಂತ ಅದು ಹೇಳುವುದಿಲ್ಲ.

ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ತೊಂದರೆಯೂ ಇರಬಹುದು ಅಲ್ವಾ ಅಂತ ಕೇಳುತ್ತೀರಿ. ಇರಬಹುದು. ಆದರೆ ಅದರ ಲಕ್ಷಣವೇ ಬೇರೆ. ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರ್ ರೀಸೆಟ್ ಮಾಡುತ್ತದೆ. ಸ್ಕ್ರೀನ್ ಕಪ್ಪಾಗಿ ವಾಪಸ್ ಬರುತ್ತದೆ, ಇಲ್ಲವೇ ನೀಲಿಯಾಗುತ್ತದೆ. ಅದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಸೇಫ್ ಮೋಡ್‌ನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಅನ್ನುವ ಪ್ರೋಗ್ರಾಂ ಓಡಿಸಿ ಹಳೇ ಡ್ರೈವರ್ ಪೂರ್ತಿ ತೆಗೆದು, ಹೊಸದು ಹಾಕಿ ನೋಡಿ. ಗೇಮ್ ಜೋರಾದಾಗ ಮಾತ್ರ, ನೀಲಿ ಸ್ಕ್ರೀನೂ ಬರದೆ, ಸ್ವಿಚ್ ಆರಿಸಿದ ಹಾಗೆ ಆಫ್ ಆಗುತ್ತಿದ್ದರೆ ಮೊದಲು ನೋಡಬೇಕಾದ್ದು ಕೇಬಲ್ ಮತ್ತು ಎಸ್‌ಎಂಪಿಎಸ್.

ನನಗೆ ಇಷ್ಟು ಸಿಟ್ಟು ಬರಲು ಕಾರಣ ಇದೆ. ಎಷ್ಟೋ ವರ್ಷದ ಹಿಂದೆ ಗೆಳೆಯನೊಬ್ಬ ಇದೇ ತೊಂದರೆ ಹೇಳಿಕೊಂಡಾಗ ನಾನೂ ಸುಮ್ನೆ ಫಾರ್ಮ್ಯಾಟ್ ಮಾಡು ಅಂದಿದ್ದೆ. ಅವನ ಮಗಳ ಮೊದಲ ವರ್ಷದ ಫೋಟೋಗಳೆಲ್ಲ ಅದರಲ್ಲಿದ್ದವು. ಅವನು ಇವತ್ತಿನವರೆಗೂ ನನ್ನ ಮುಂದೆ ಆ ಮಾತು ಎತ್ತಿಲ್ಲ. ನನಗೆ ಮರೆಯಲು ಆಗಿಲ್ಲ.

ಇನ್ನೊಂದು ಮಾತು. ಕೇಬಲ್ ಸಾಲದು ಅಂತ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು, ಕಾರ್ಡ್ ಸುಟ್ಟುಹೋಗಬಹುದು. ಇವನಿಗೆ ಬೇಕಾಗಿದ್ದ ಎರಡನೇ ಕೇಬಲ್ ಎಸ್‌ಎಂಪಿಎಸ್ ಡಬ್ಬದಲ್ಲೇ ಇತ್ತು. ಅದರ ಕವರ್ ಕೂಡ ಯಾರೂ ಬಿಚ್ಚಿರಲಿಲ್ಲ.