ಹಡಗು ಕಾಯುವುದಿಲ್ಲ, ಆದರೂ ಇಳಿಯಿರಿ

ಮೊನ್ನೆ ಶನಿವಾರ ಮುಲುಂಡಿನಲ್ಲಿ ನಮ್ಮ ಕನ್ನಡ ಬಳಗದ ಭಜನೆ ಮುಗಿದು ಕಾಫಿ ಹಂಚುತ್ತಿದ್ದಾಗ, ಅತ್ತೆ ಮಾವನನ್ನು ಕರೆದುಕೊಂಡು ಮೊದಲ ಸಲ ಕ್ರೂಸ್‌ಗೆ ಹೊರಟಿರುವ ಹುಡುಗಿಯೊಬ್ಬಳು ಕೇಳಿದಳು: "ಅಕ್ಕ, ಬಂದರಿನಲ್ಲಿ ನಾವೇ ಇಳಿದು ಸುತ್ತಾಡಲು ಹೋದರೆ ಹಡಗು ಬಿಟ್ಟು ಹೋಗುತ್ತದಂತೆ, ನಿಜವೇ?" ನಾನು ಹೌದು ಎಂದೆ. ಅವಳ ಮುಖ ಸಪ್ಪಗಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಕ್ಷಣ ತೀರ್ಪು ಕೊಟ್ಟುಬಿಟ್ಟರು: "ಹಡಗಿನವರ ಟೂರನ್ನೇ ತೆಗೆದುಕೊಳ್ಳಮ್ಮ. ದುಬಾರಿ ಅನಿಸಿದರೆ ಮೇಲೆಯೇ ಕುಳಿತು ಊಟ ಮಾಡಿಕೊಂಡಿರು. ಊಟಕ್ಕೆ ಹೇಗೂ ದುಡ್ಡು ಕೊಟ್ಟಾಗಿದೆಯಲ್ಲ." ಆ ಮಾತು ನನಗೆ ಹಿಡಿಸಲಿಲ್ಲ. ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಲ್ಲಾರ್ಡ್ ಎಸ್ಟೇಟಿನಲ್ಲಿ ಬಂದರಿಗೆ ಬರುವ ಹಡಗುಗಳ ದಡದ ಕೆಲಸ ನೋಡಿಕೊಳ್ಳುವ ಏಜೆಂಟರೊಬ್ಬರ ಕಚೇರಿಯಲ್ಲಿ 26 ವರ್ಷ ಗುಮಾಸ್ತೆಯಾಗಿದ್ದವಳು. ಅನೇಕ ಕ್ರೂಸ್ ಹಡಗುಗಳಲ್ಲಿ ಪ್ರತಿ ರಾತ್ರಿ ಕೋಣೆಗೆ ಮರುದಿನದ ಕಾರ್ಯಕ್ರಮದ ಹಾಳೆ ಬರುತ್ತದೆ. ಯಾವ ಡೆಕ್ಕಿನಲ್ಲಿ ಯಾವ ನೃತ್ಯ, ಎಷ್ಟು ಗಂಟೆಗೆ ಊಟ ಎಂಬುದೆಲ್ಲ ದಪ್ಪ ಅಕ್ಷರದಲ್ಲಿರುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಆ ಬಂದರಿನ ಏಜೆಂಟರ ಹೆಸರು ಮತ್ತು ಫೋನ್ ನಂಬರ್. ಯಾರೂ ಓದುವುದಿಲ್ಲ. ಮುಂಬೈಗೆ ಬರುತ್ತಿದ್ದ ಹಡಗುಗಳ ಮಟ್ಟಿಗೆ ಆ ಸಣ್ಣ ಅಕ್ಷರದ ಆಚೆ ತುದಿಯಲ್ಲಿ ಕುಳಿತಿದ್ದವಳು ನಾನೇ.

ಒಂದು ಸಂಜೆ ಆರೂವರೆಯ ಹೊತ್ತಿಗೆ ಬಂದರಿನ ಗ್ರೀನ್ ಗೇಟಿನಿಂದ ಫೋನ್ ಬಂತು. ವಯಸ್ಸಾದ ವಿದೇಶಿ ದಂಪತಿ, ಇಬ್ಬರಿಗೂ ಎಪ್ಪತ್ತರ ಮೇಲೆ. ಬೆಳಿಗ್ಗೆ ಎಲಿಫೆಂಟಾ ನೋಡಿ ಮಧ್ಯಾಹ್ನಕ್ಕೇ ಗೇಟ್‌ವೇಗೆ ಮರಳಿದ್ದರು. ಅಲ್ಲಿಂದ ಹಡಗು ನಿಂತಿದ್ದ ಬಲ್ಲಾರ್ಡ್ ಪಿಯರ್ ಎಷ್ಟು ದೂರ? ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಆದರೆ ಟ್ಯಾಕ್ಸಿಯವನು ಬಾಂದ್ರಾದಲ್ಲಿ ಸಿನಿಮಾ ನಟರ ಬಂಗಲೆ ತೋರಿಸುತ್ತೇನೆ ಎಂದ, ಇವರು ಹತ್ತಿ ಕುಳಿತರು. ಸಂಜೆ ಐದು ಗಂಟೆಗೆ ಬಾಂದ್ರಾದಿಂದ ದಕ್ಷಿಣಕ್ಕೆ ಬರುವುದೆಂದರೇನು ಎಂದು ಮುಂಬೈಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆರು ಗಂಟೆಗೆ ಹಡಗು ಹೊರಟಿತ್ತು. ನಮ್ಮ ಕಚೇರಿಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ಬಟ್ಟೆ ಚೀಲ, ಅದರೊಳಗೆ ಎರಡು ಜೊತೆ ಕೊಲ್ಹಾಪುರಿ ಚಪ್ಪಲಿ. ಪಾಸ್‌ಪೋರ್ಟ್ ಚಿಂತೆ ಇರಲಿಲ್ಲ. ಹೊರಡುವ ಮುಂಚೆ ಹಡಗಿನವರು ಅವರ ಪಾಸ್‌ಪೋರ್ಟುಗಳನ್ನು ಕಂದು ಲಕೋಟೆಯಲ್ಲಿ ಹಾಕಿ ನಮ್ಮ ಹುಡುಗನ ಕೈಗೆ ಕೊಟ್ಟಿದ್ದರು. ಆಕೆ ಅಳುತ್ತಿದ್ದದ್ದು ಬೇರೆ ಕಾರಣಕ್ಕೆ. ಗಂಡನ ಹೃದಯದ ಮಾತ್ರೆ ಕೋಣೆಯ ಮೇಜಿನ ಮೇಲೆ ಉಳಿದುಹೋಗಿತ್ತು, ಅದರ ಹೆಸರು ಇಬ್ಬರಿಗೂ ನೆನಪಿರಲಿಲ್ಲ. ಬಿಳಿ, ಗುಂಡಗೆ, ಮಧ್ಯೆ ಗೆರೆ ಎಂದಷ್ಟೇ ಗೊತ್ತು. ರಾತ್ರಿ ಎಂಟಕ್ಕೆ ಫೋರ್ಟ್ ಬಡಾವಣೆಯಲ್ಲಿ ಡಾಕ್ಟರನ್ನು ಹುಡುಕಿ, ಅವರಿಂದ ಚೀಟಿ ಬರೆಸಿ ಮಾತ್ರೆ ಕೊಡಿಸಿದ್ದಾಯಿತು. ಹಡಗಿಗೆ ಮರುದಿನವೆಲ್ಲ ಸಮುದ್ರ, ಅದರ ಮಾರನೆಯ ಬೆಳಿಗ್ಗೆ ಪಣಂಬೂರು. ಇವರನ್ನು ವಿಮಾನದಲ್ಲಿ ಮಂಗಳೂರಿಗೆ ಕಳಿಸಿದೆವು. ಟಿಕೆಟ್ಟು, ಹೋಟೆಲ್ಲು ಎಲ್ಲ ಅವರದೇ ಖರ್ಚು.

ಅಂದಿನಿಂದ ನಾನು ಎಲ್ಲಿಗೆ ಹೊರಟರೂ ಎರಡು ದಿನದ ಬಿಪಿ ಮಾತ್ರೆ, ಡಾಕ್ಟರ ಚೀಟಿಯ ಫೋಟೋ ಕೈಚೀಲದಲ್ಲಿಯೇ ಇರುತ್ತವೆ. ಕಾರ್ಯಕ್ರಮದ ಹಾಳೆಯ ಆ ಮೂಲೆಯನ್ನೂ ಹರಿದು ಪರ್ಸಿನಲ್ಲಿಟ್ಟುಕೊಳ್ಳುತ್ತೇನೆ.

ಹಡಗು ಏಕೆ ಕಾಯುವುದಿಲ್ಲ? ಕ್ಯಾಪ್ಟನ್ ಕಲ್ಲುಮನಸ್ಸಿನವನೆಂದಲ್ಲ. ಬಂದರಿನಿಂದ ಹಡಗನ್ನು ಹೊರಗೆ ದಾಟಿಸುವ ಪೈಲಟ್ ಇಂಥ ಗಂಟೆಗೆ ಎಂದು ಗೊತ್ತುಪಡಿಸಿರುತ್ತದೆ. ಎಳೆಯುವ ಟಗ್ ದೋಣಿಗಳಿಗೆ ಅದಾದ ಮೇಲೆ ಬೇರೆ ಕೆಲಸವಿರುತ್ತದೆ. ಕಟ್ಟೆಯ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತದೆ. ತಡವಾದಷ್ಟೂ ಮುಂದಿನ ಬಂದರಿಗೆ ವೇಗವಾಗಿ ಓಡಬೇಕು, ವೇಗವೆಂದರೆ ಎಣ್ಣೆ. ಹಡಗಿನವರದೇ ಟೂರ್ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಏಕೆಂದರೆ ಆ ಬಸ್ಸಿನ ಹೊಣೆ ಅವರದು. ಟೂರಿಗೆ ಕೊಡುವ ಹೆಚ್ಚಿನ ದುಡ್ಡು ನಿಜವಾಗಿ ಈ ಒಂದು ಖಾತರಿಗೆ. ಖಾತರಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದಷ್ಟೇ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ನಕ್ಷೆಯಲ್ಲಿದೆ: ಊರು ಬಂದರಿನ ಮಗ್ಗುಲಲ್ಲಿದೆಯೋ, ಅಥವಾ ಹೆಸರು ಒಂದು ಊರಿನದು, ಬಂದರು ಇನ್ನೊಂದು ಊರಿನಲ್ಲೋ?

ಮಲೇಶಿಯಾದ ಪಿನಾಂಗನ್ನು ತೆಗೆದುಕೊಳ್ಳಿ. ಸ್ವೆಟೆನ್‌ಹ್ಯಾಮ್ ಪಿಯರಿನಲ್ಲಿ ಇಳಿದರೆ ಎದುರಿಗೇ ಜಾರ್ಜ್ ಟೌನ್. ಕಾರ್ನ್‌ವಾಲಿಸ್ ಕೋಟೆಗೆ ಹತ್ತು ನಿಮಿಷದ ನಡಿಗೆ. ಇನ್ನೂ ಸ್ವಲ್ಪ ಹೋದರೆ ಲಿಟಲ್ ಇಂಡಿಯಾ, ಮಲ್ಲಿಗೆ ಮಾರುವವರು, ಮಾರಿಯಮ್ಮನ ಗುಡಿ, ಬಾಳೆ ಎಲೆಯ ಊಟ. ಕಡಲ ಮೇಲೆ ಕಂಬ ನೆಟ್ಟು ಕಟ್ಟಿದ ಚೀನೀಯರ ಮನೆಸಾಲುಗಳೂ ನಡೆದೇ ನೋಡಬಹುದಾದಷ್ಟು ಹತ್ತಿರ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಪಟ್ಟಣವನ್ನು ಹವಾನಿಯಂತ್ರಿತ ಬಸ್ಸಿನ ಕಿಟಕಿಯಿಂದ ನೋಡಲು ದುಡ್ಡು ಕೊಡುವುದು ಗಾಂಧಿ ಬಜಾರನ್ನು ಹೆಲಿಕಾಪ್ಟರಿನಿಂದ ನೋಡಿದಂತೆ. ಇಟಲಿಯ ನೇಪಲ್ಸ್ ಕೂಡ ಹೀಗೆಯೇ. ಕಟ್ಟೆಯಿಂದ ರಸ್ತೆ ದಾಟಿದರೆ ಹಳೆಯ ಕೋಟೆ, ಅಲ್ಲಿಂದ ಮುಂದಕ್ಕೆ ಊರೇ ಊರು.

ಅದೇ ಪೋರ್ಟ್ ಕ್ಲಾಂಗಿನಲ್ಲಿ ಇಳಿದು ಕೌಲಾಲಂಪುರಕ್ಕೆ ಬಂದೆವೆಂದುಕೊಂಡರೆ ಕೆಟ್ಟಿರಿ. ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚು. "ಫ್ಲಾರೆನ್ಸ್" ಎಂದು ಹಡಗಿನ ಪಟ್ಟಿಯಲ್ಲಿದ್ದರೆ ಅದು ಲಿವೊರ್ನೊ, ಫ್ಲಾರೆನ್ಸ್ ಅಲ್ಲಿಂದ ಸುಮಾರು 90 ಕಿಲೋಮೀಟರ್. ಇಂಥಲ್ಲಿ ಅತ್ತೆ ಮಾವ ಜೊತೆಗಿದ್ದರೆ, ಮಂಡಿನೋವಿದ್ದರೆ, ಹಡಗಿನವರ ಟೂರನ್ನೇ ತೆಗೆದುಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ. "ನಾವೇ ಹೋದೆವು, ಕಾಲು ಭಾಗದ ದುಡ್ಡಿನಲ್ಲಿ ಮುಗಿಸಿದೆವು" ಎಂದು ಎದೆಯುಬ್ಬಿಸಿ ಬರೆಯುವವರು, ವಾಪಸು ಬರುವಾಗ ರೈಲು ನಿಂತ ಇಪ್ಪತ್ತು ನಿಮಿಷ ಉಗುರು ಕಚ್ಚಿದ್ದನ್ನು ಬರೆಯುವುದಿಲ್ಲ.

ರೋಮ್ ಮಾತ್ರ ನನ್ನ ಪಟ್ಟಿಯಲ್ಲಿ ನಡುವಿನದು. ಬಂದರಿರುವುದು ಚಿವಿಟವೆಕ್ಕಿಯಾದಲ್ಲಿ, ರೋಮಿನಿಂದ ಸುಮಾರು 70 ಕಿಲೋಮೀಟರ್. ಆದರೆ ರೈಲಿದೆ. ಲೋಕಲ್ ರೈಲಿನಲ್ಲಿ ಮೂವತ್ತು ವರ್ಷ ಸವೆಸಿದ ಮುಂಬೈಯವರು ರೈಲಿಗೆ ಹೆದರಬೇಕೇ? ಬಂದರಿನ ಒಳಗಿನಿಂದ ಷಟಲ್ ಬಸ್ಸು, ಅಲ್ಲಿಂದ ಕಡಲ ದಂಡೆಯಲ್ಲಿ ನಡೆದು ಸ್ಟೇಷನ್. ನಾವು ಕೊನೆಯ ನಿಲ್ದಾಣ ಟರ್ಮಿನಿಯವರೆಗೆ ಹೋಗದೆ ಮೊದಲೇ ಸಿಗುವ ಸಾನ್ ಪಿಯೆತ್ರೊದಲ್ಲಿ ಇಳಿದೆವು. ಸಂತ ಪೀಟರರ ಚೌಕ ಅಲ್ಲಿಂದ ಕಾಲು ಗಂಟೆಯ ನಡಿಗೆ. ಕಾಗದದ ಟಿಕೆಟ್ಟಾದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಸಮಯ ಒತ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ಟಿಕೆಟ್ಟಿದ್ದೂ ದಂಡ. ನಮ್ಮ ಲೋಕಲ್ ರೈಲಿಗೆ ಯಂತ್ರದಲ್ಲಿ ಒತ್ತಿಸಬೇಕಿದ್ದ ಹಳೆಯ ಸಿವಿಎಂ ಕೂಪನ್ ನೆನಪಿದೆಯಲ್ಲ, ಅದೇ ಕಥೆ. ಅಂದಹಾಗೆ ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ರಜೆ. ಎಲಿಫೆಂಟಾಗೆ ಸೋಮವಾರ ಹೋಗಿ ಬಾಗಿಲು ನೋಡಿ ಬಂದವರನ್ನು ನಾನು ಕಂಡಿದ್ದೇನೆ. ಹಡಗಿಗೆ ವಾರದ ಪರಿವೆಯಿಲ್ಲ, ನಮಗಿರಬೇಕು.

ಲೆಕ್ಕವನ್ನು ಮಾತ್ರ ಕೊನೆಯಿಂದ ಹಿಂದಕ್ಕೆ ಹಾಕಬೇಕು. ಏಳಕ್ಕೆ ಹಡಗು ಹೊರಡುತ್ತದೆ ಎಂದರೆ ಆರೂವರೆಗೆ ಎಲ್ಲರೂ ಮೇಲಿರಬೇಕು ಎಂದು ಹಾಳೆಯಲ್ಲಿರುತ್ತದೆ. ನಾನು ಅದರಿಂದ ಎರಡು ಗಂಟೆ ಕಳೆದು, ನಾಲ್ಕೂವರೆಗೆ ಚಿವಿಟವೆಕ್ಕಿಯಾ ಸ್ಟೇಷನ್ನಿನಲ್ಲಿರಬೇಕೆಂದು ಬರೆದುಕೊಂಡೆ. ರೈಲಿಗೆ ಒಂದು ಗಂಟೆ, ಅಂದರೆ ಮೂರೂವರೆಯದು. ಆ ರೈಲು ತಪ್ಪಿದರೂ ಅದರ ನಂತರದ್ದು ಕೈಗೆ ಸಿಗುವಂತಿರಬೇಕು. ನಮ್ಮವರು "ಇನ್ನೂ ಒಂದು ಗಂಟೆ ಇದೆಯಲ್ಲ, ಕೊಲೊಸಿಯಂ ಕೂಡ ಆಗಿಬಿಡಲಿ" ಎಂದರು. ಆಗಲಿಲ್ಲ. ಒಂದು ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ದೂರದ್ದಾದರೆ ಮೊದಲು ದೂರದ್ದು. ಬೆಳಿಗ್ಗೆಯೇ ದೂರಕ್ಕೆ ಹೋಗಿ, ಮಧ್ಯಾಹ್ನದ ಅಲೆದಾಟವನ್ನು ಹಡಗು ಕಾಣುವಷ್ಟು ಹತ್ತಿರದಲ್ಲಿ ಇಟ್ಟುಕೊಳ್ಳಬೇಕು. ಆ ದಂಪತಿ ಮಾಡಿದ್ದು ಇದರ ತದ್ವಿರುದ್ಧ.

ಇನ್ನು ಗಡಿಯಾರ. ಸಿಂಗಾಪುರದಿಂದ ಪಿನಾಂಗ್, ಫುಕೆಟ್ ಮಾಡುವ ಹಡಗುಗಳಲ್ಲಿ ನಮ್ಮ ಜನ ಬಹಳ ಮಂದಿ ಹೋಗುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಿಂಗಾಪುರ, ಮಲೇಶಿಯಾ ಎರಡಕ್ಕೂ ಒಂದೇ ಸಮಯ. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಫುಕೆಟ್‌ನಲ್ಲಿಯೂ ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿತ್ತು. ದಡಕ್ಕೆ ಕಾಲಿಟ್ಟ ಕೂಡಲೇ ಮೊಬೈಲ್ ಮಾತ್ರ ಥಾಯ್ಲೆಂಡಿನದಾಯಿತು. ಹಡಗು ಕಟ್ಟೆಗೆ ಬರದೆ ದೂರದಲ್ಲಿ ನಿಂತಿತ್ತು, ಟೆಂಡರ್ ಎನ್ನುವ ದೋಣಿಯಲ್ಲಿ ಹೋಗಿಬರಬೇಕು. ಕೊನೆಯ ಟೆಂಡರ್ ನಾಲ್ಕೂವರೆಗೆ. ಪಟಾಂಗ್ ದಂಡೆಯಲ್ಲಿ ನಮ್ಮವರು ತೆಂಗಿನ ಚಿಪ್ಪಿನ ಐಸ್‌ಕ್ರೀಮ್ ಎರಡನೆಯದು ಹೇಳಿ, ಮೊಬೈಲ್ ತೋರಿಸಿ, "ಈಗಿನ್ನೂ ಮೂರು" ಎಂದರು. ನನ್ನ ಕೈಯಲ್ಲಿ ಅಪ್ಪ ಕೊಡಿಸಿದ ಹಳೆಯ ಎಚ್‌ಎಂಟಿ, ಕೀ ಕೊಡುವುದು. ಯಾವ ದೇಶಕ್ಕೆ ಹೋದರೂ ತಾನಾಗಿ ಬದಲಾಗುವ ಜಾಣತನ ಅದಕ್ಕಿಲ್ಲ. ಹಡಗಿನಲ್ಲಿ ಇಟ್ಟ ಸಮಯವನ್ನೇ ಹಿಡಿದುಕೊಂಡು ನಾಲ್ಕು ತೋರಿಸುತ್ತಿತ್ತು. ಎರಡನೆಯ ಐಸ್‌ಕ್ರೀಮನ್ನು ಅವರು ಓಡುತ್ತಾ ತಿಂದರು.

ಬಂದರಿನ ಬಾಗಿಲಲ್ಲಿ ಮುತ್ತಿಕೊಳ್ಳುವ ಟ್ಯಾಕ್ಸಿಗಳ ಬಗ್ಗೆ ನಾನು ಹೆಚ್ಚೇನೂ ಹೇಳಬೇಕಿಲ್ಲ. ಗ್ರೀನ್ ಗೇಟಿನ ಎದುರು ನಮ್ಮ ಕಾಲಿ ಪೀಲಿಯವರು ಬಿಳಿಯರಿಗೆ ಹೇಳುತ್ತಿದ್ದ ದರ ಕೇಳಿ ನಾನೇ ನಾಚಿಕೊಂಡಿದ್ದೇನೆ. ವಿದೇಶದಲ್ಲಿ ಆ ಬಿಳಿಯರು ನಾವು. ಇನ್ನೂರು ಹೆಜ್ಜೆ ಮುಂದೆ ನಡೆದರೆ ಅರ್ಧ ದರ ಇಳಿಯುತ್ತದೆ. ಹತ್ತುವ ಮುಂಚೆ ಮೂರು ಪ್ರಶ್ನೆ: ತಲೆಗೋ ಗಾಡಿಗೋ, ಹೋಗುವುದಕ್ಕೋ ಹೋಗಿಬರುವುದಕ್ಕೋ, ಯಾವ ದೇಶದ ದುಡ್ಡು? ಮಲೇಶಿಯಾ, ಥಾಯ್ಲೆಂಡಿನಲ್ಲಿ ಟ್ಯಾಕ್ಸಿ ಕರೆಸುವ ಗ್ರಾಬ್ ಆ್ಯಪ್ ಇದ್ದರೆ ಈ ತಾಪತ್ರಯವೇ ಕಡಿಮೆ. ಗ್ರೀಸಿನ ಪಿರೆಯಸ್ ಬಂದರಿನಿಂದ ಅಥೆನ್ಸಿಗೆ ಹೋಗುವ ಮೆಟ್ರೊದಲ್ಲಿ ಜೇಬುಗಳ್ಳರಿದ್ದಾರೆ. ಲೇಡೀಸ್ ಡಬ್ಬಿಯಲ್ಲಿ ಹಿಡಿದುಕೊಳ್ಳುವಂತೆಯೇ ಚೀಲವನ್ನು ಎದೆಗೆ ಅವಚಿಕೊಳ್ಳಿ, ಸಾಕು.

ಮೊಬೈಲನ್ನು ಹಡಗಿನಲ್ಲಿರುವಾಗ ಏರೋಪ್ಲೇನ್ ಮೋಡಿನಲ್ಲಿಡಿ. ಸಮುದ್ರದ ನಡುವೆ ಅದು ಹಡಗಿನ ಉಪಗ್ರಹ ನೆಟ್‌ವರ್ಕಿಗೆ ಅಂಟಿಕೊಂಡರೆ ಮಾಮೂಲಿ ರೋಮಿಂಗ್ ಪ್ಯಾಕ್ ಕಾಪಾಡದು. ಊರಿನ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರಿ. ಬಫೆಯಿಂದ ಹಣ್ಣು, ಬ್ರೆಡ್ಡು ಕರವಸ್ತ್ರದಲ್ಲಿ ಕಟ್ಟಿಕೊಂಡು ಇಳಿಯುವ ನಮ್ಮ ಅಭ್ಯಾಸ ಅನೇಕ ಬಂದರುಗಳಲ್ಲಿ ಅಪರಾಧ. ಬೇಕಾದರೆ ಊರಿಂದ ತಂದ ಚಕ್ಕುಲಿ ಕೋಡುಬಳೆ ಪ್ಯಾಕೆಟ್ ಒಡೆಯದೆ ಇಟ್ಟುಕೊಳ್ಳಿ, ಅದಕ್ಕೂ ಒಮ್ಮೆ ಹಡಗಿನ ಕಚೇರಿಯಲ್ಲಿ ಕೇಳುವುದು ವಾಸಿ.

ವೀಸಾ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ರೀಸಿನಲ್ಲಿ ಹತ್ತಿ, ನಡುವೆ ತುರ್ಕಿ ನೋಡಿ, ಮತ್ತೆ ಗ್ರೀಸಿಗೆ ಬರುವ ಹಡಗಾದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಸಾಲದು, ಹಲವು ಪ್ರವೇಶದ್ದೇ ಬೇಕು. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ಒಳಗೆ ಬಂದಿದೆ, ಹಳೆಯ ಪ್ರವಾಸಿಗರ ಸಲಹೆಯನ್ನು ನಂಬಿ ಲೆಕ್ಕ ತಪ್ಪಬೇಡಿ. ಮಲೇಶಿಯಾ 2023ರ ಡಿಸೆಂಬರಿನಿಂದ ನಮಗೆ ವೀಸಾ ಬೇಡವೆಂದಿತು. ಆದರೆ ಈ ರಿಯಾಯಿತಿಗಳು ವರ್ಷ ವರ್ಷಕ್ಕೆ ಬದಲಾಗುವಂಥವು, ಟಿಕೆಟ್ ಮಾಡಿಸುವ ದಿನ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿಯೇ ನೋಡಬೇಕು. ನಾವು ದಡಕ್ಕೆ ಇಳಿಯುವುದೇ ಇಲ್ಲ ಎಂದರೂ ಹಡಗಿನವರು ವೀಸಾ ಕೇಳಿ ಹತ್ತಿಸದೇ ಇರಬಹುದು.

ನೇಪಲ್ಸಿನ ಸಂಜೆಯೊಂದನ್ನು ಹೇಳಿಬಿಡುತ್ತೇನೆ. ನಾವು ಐದಕ್ಕೇ ಮೇಲಿದ್ದೆವು. ಹೊರಡುವ ಹೊತ್ತಿಗೆ ಜನರೆಲ್ಲ ಕಟಾಂಜನಕ್ಕೆ ಆತುಕೊಂಡು ಕೆಳಗೆ ನೋಡುತ್ತಿದ್ದರು. ತಡವಾಗಿ ಓಡಿಬರುವವರನ್ನು ನೋಡಿ ಕೇಕೆ ಹಾಕುವುದು ಕ್ರೂಸ್‌ಗಳಲ್ಲಿ ಒಂದು ಮೋಜು. ಚೀಲ ಹೊತ್ತ ಹುಡುಗನೊಬ್ಬ ಓಡಿ ಬಂದು ಕೊನೆಯ ಕ್ಷಣಕ್ಕೆ ಏಣಿ ಹತ್ತಿದ, ಚಪ್ಪಾಳೆಯೋ ಚಪ್ಪಾಳೆ. ಏಣಿ ಎಳೆದುಕೊಂಡರು, ಹಗ್ಗ ಬಿಚ್ಚಿದರು. ಮತ್ತೆ ಯಾರೂ ಓಡಿ ಬರಲಿಲ್ಲ, ಜನ ಊಟಕ್ಕೆ ಚದುರಿದರು. ಕಟ್ಟೆಯ ಮೇಲೆ ಬಿಳಿ ಅಂಗಿ ತೊಟ್ಟ ತರುಣನೊಬ್ಬ ಮಾತ್ರ ಉಳಿದಿದ್ದ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಕಂದು ಲಕೋಟೆ. ಅವನು ಬಂದರಿನ ಗೇಟಿನ ಕಡೆಯೇ ನೋಡುತ್ತಿದ್ದ. "ಬಾ, ಊಟಕ್ಕೆ ಹೊತ್ತಾಯಿತು" ಎಂದು ನಮ್ಮವರು ಕರೆದರು. ಅವನಿಗೆ ಇವತ್ತು ಮನೆ ಸೇರುವಾಗ ಹನ್ನೊಂದು ದಾಟುತ್ತದೆ ಎಂದೆ. ಯಾರಿಗೆ ಎಂದು ಅವರು ಕೇಳಿದರು.