ಅಲೆದಾಡಿದ ಟೂರ್ನಿ, ನೆಲೆ ನಿಂತ ಟೂರ್ನಿ

2024ರ ಜನವರಿ 27ರ ರಾತ್ರಿ ನಾನು ಆಸ್ಟ್ರೇಲಿಯನ್ ಓಪನ್ ಟೆನಿಸ್ ನೋಡಲು ಮೆಲ್ಬರ್ನಿನ ರಾಡ್ ಲೇವರ್ ಅರೀನಾದಲ್ಲಿ, ಮೇಲಿನ ಸಾಲೊಂದರಲ್ಲಿ ಕೂತಿದ್ದೆ. ಹೆಂಗಸರ ಸಿಂಗಲ್ಸ್ ಫೈನಲ್ ಬೇಗನೆ ಮುಗಿದಿತ್ತು. ಎಷ್ಟೋ ಜನ ಎದ್ದು ಹೋಗಿದ್ದರು. ನಾವು ಕೂತೇ ಇದ್ದೆವು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಡುವುದು ಇನ್ನೂ ಬಾಕಿ ಇತ್ತು. ವಯಸ್ಸು 43. ಜೊತೆಗಾರ ಇದೇ ದೇಶದ ಮ್ಯಾಥ್ಯೂ ಎಬ್ಡನ್. ಮೊದಲ ಸೆಟ್ಟು 6-6 ಆದಾಗ ಅದನ್ನು ತೀರ್ಮಾನಿಸಲು ಆಡುವ ಟೈಬ್ರೇಕಿನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ. 7-6, 7-5. ಓಪನ್ ಯುಗದಲ್ಲಿ, ಅಂದರೆ ವೃತ್ತಿಪರರಿಗೂ ಆಡಲು ಬಿಟ್ಟ 1968ರಿಂದ ಈಚೆಗೆ, ಇಷ್ಟು ವಯಸ್ಸಾದ ಮೇಲೆ ಗ್ರ್ಯಾಂಡ್ ಸ್ಲ್ಯಾಮ್ (ಟೆನಿಸಿನ ನಾಲ್ಕು ದೊಡ್ಡ ಟೂರ್ನಿಗಳು) ಪುರುಷರ ಡಬಲ್ಸ್ ಗೆದ್ದವರು ಯಾರೂ ಇರಲಿಲ್ಲ. ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ಒಬ್ಬರು ನನ್ನ ಕೈ ಹಿಡಿದು ಕುಲುಕಿದರು. ಕಣ್ಣು ತುಂಬಿ ಬಂತು.

ಮನೆಗೆ ಟ್ರಾಮಿನಲ್ಲಿ ಬರುವಾಗ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಮ್ಮಲ್ಲಿ ಆಟಗಾರರಿದ್ದಾರೆ, ನೋಡುವ ಜನ ಇದ್ದಾರೆ. ಆದರೂ ಒಂದು ದೊಡ್ಡ ಟೂರ್ನಿ ನಮ್ಮ ನೆಲದಲ್ಲಿ ಯಾಕೆ ನಿಲ್ಲುವುದಿಲ್ಲ?

ಇಲ್ಲಿ ಮೆಲ್ಬರ್ನಿನವರಿಗೆ ಈ ಟೂರ್ನಿ ಸುಮ್ನೆ ಸಿಕ್ಕಿದ್ದು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಆಸ್ಟ್ರೇಲಿಯನ್ ಓಪನ್ ಶುರುವಾದದ್ದು 1905ರಲ್ಲಿ, ಮೆಲ್ಬರ್ನಿನ ಆಲ್ಬರ್ಟ್ ಪಾರ್ಕಿನ ಒಂದು ಕ್ರಿಕೆಟ್ ಮೈದಾನದಲ್ಲಿ. ಆಗ ಅದರ ಹೆಸರು ಆಸ್ಟ್ರಲೇಷಿಯನ್ ಚಾಂಪಿಯನ್‌ಶಿಪ್. ನ್ಯೂಜಿಲೆಂಡ್ ಕೂಡ ಸೇರಿತ್ತು. ಗೆದ್ದವರು ರಾಡ್ನಿ ಹೀತ್. ಆಮೇಲೆ ಆರು ದಶಕಕ್ಕೂ ಜಾಸ್ತಿ ಕಾಲ ಈ ಟೂರ್ನಿಗೆ ಒಂದು ಸ್ವಂತ ಮನೆ ಅಂತ ಇರಲಿಲ್ಲ. ಒಂದು ವರ್ಷ ಸಿಡ್ನಿ, ಇನ್ನೊಂದು ವರ್ಷ ಅಡಿಲೇಡ್, ಮತ್ತೊಮ್ಮೆ ಬ್ರಿಸ್ಬೇನ್, ಪರ್ತ್. ಎರಡು ಸಲ ಸಮುದ್ರ ದಾಟಿ ನ್ಯೂಜಿಲೆಂಡಿಗೂ ಹೋಯಿತು. 1906ರಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ ನಡೆದಾಗ ಆಡಿದವರು ಬರೀ 10 ಜನ. ಅದರಲ್ಲಿ ಆಸ್ಟ್ರೇಲಿಯಾದವರು ಇಬ್ಬರೇ! ಪರ್ತಿನಲ್ಲಿ ಇಟ್ಟರೆ ಪೂರ್ವದ ಕಡೆಯವರು 3000 ಕಿಲೋಮೀಟರ್ ರೈಲಿನಲ್ಲಿ ಹೋಗಬೇಕಿತ್ತು. ಯುರೋಪಿನಿಂದ ಬರಬೇಕೆಂದರೆ ಹಡಗಿನಲ್ಲಿ ಒಂದೂವರೆ ತಿಂಗಳು. ಯಾರು ತಾನೇ ಬರುತ್ತಾರೆ?

1972ರಲ್ಲಿ ಅಲೆದಾಟ ಸಾಕು ಅಂತ ಮೆಲ್ಬರ್ನಿನ ಕೂಯಾಂಗ್ ಕ್ಲಬ್ಬಿನ ಹುಲ್ಲಿನ ಅಂಗಳಕ್ಕೆ ತಂದು ನಿಲ್ಲಿಸಿದರು. ಆಗಲೂ ಕಷ್ಟ ತೀರಲಿಲ್ಲ. ದೂರದ ಪ್ರಯಾಣ, ಕಡಿಮೆ ಬಹುಮಾನ, ಅದರ ಮೇಲೆ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ ಆಟ. ಆ ಕಾಲದ ದೊಡ್ಡ ಆಟಗಾರ ಬ್ಯೋರ್ನ್ ಬೋರ್ಗ್ ತನ್ನ ಇಡೀ ಜೀವನದಲ್ಲಿ ಇಲ್ಲಿಗೆ ಬಂದದ್ದು ಒಂದೇ ಸಲ. ಅಷ್ಟೇ ದೊಡ್ಡ ಹೆಸರಿನ ಜಿಮ್ಮಿ ಕಾನರ್ಸ್ ಎರಡು ಸಲ. 1976ರಲ್ಲಿ ರ‍್ಯಾಂಕಿಂಗಿನಲ್ಲಿ 212ನೇ ಸ್ಥಾನದಲ್ಲಿದ್ದ ಮಾರ್ಕ್ ಎಡ್ಮಂಡ್ಸನ್ ಗೆದ್ದರು. ಅವರ ಗೆಲುವನ್ನು ನಾನು ಕಡಿಮೆ ಮಾಡುತ್ತಿಲ್ಲ, ಫೈನಲಿನಲ್ಲಿ ಸೋಲಿಸಿದ್ದು ಹೆಸರಾಂತ ಜಾನ್ ನ್ಯೂಕೂಂಬ್ ಅವರನ್ನು. ಆದರೆ ದೊಡ್ಡ ದೊಡ್ಡವರು ಬರುತ್ತಿರಲಿಲ್ಲ ಅನ್ನುವುದೂ ನಿಜ.

ಇವರು ಆಗ ಏನು ಮಾಡಿದರು ನೋಡಿ. ನನಗೆ ತುಂಬ ಹಿಡಿಸಿದ್ದು ಇದೇ. ಆಟದ ತಿಂಗಳನ್ನೇ ಬದಲಿಸಿ ಜನವರಿಗೆ ತಂದರು, ಅದಕ್ಕಾಗಿ 1986ರಲ್ಲಿ ಟೂರ್ನಿಯೇ ನಡೆಯಲಿಲ್ಲ. ವಿಕ್ಟೋರಿಯಾ ಸರ್ಕಾರ ಊರಿನ ನಡುವೆ, ಯಾರಾ ನದಿಯ ಹತ್ತಿರ, ರೈಲು, ಟ್ರಾಮ್ ಎರಡಕ್ಕೂ ಸಮೀಪ ಹೊಸ ಕ್ರೀಡಾಂಗಣ ಕಟ್ಟಿಸಿತು, ಅದೇ ಈಗಿನ ಮೆಲ್ಬರ್ನ್ ಪಾರ್ಕ್. ಹುಲ್ಲು ಹೋಗಿ ಹಾರ್ಡ್ ಕೋರ್ಟ್ ಬಂತು. ತೆರೆದು ಮುಚ್ಚುವ ಚಾವಣಿ ಬಂತು. ವಿಂಬಲ್ಡನ್ನಿನ ಸೆಂಟರ್ ಕೋರ್ಟಿಗೆ ಅಂಥ ಚಾವಣಿ ಬಂದದ್ದು 2009ರಲ್ಲಿ, ಇಲ್ಲಿ 1988ರಲ್ಲೇ ಇತ್ತು. ಕೂಯಾಂಗಿನ ಕೊನೆಯ ವರ್ಷ ಸುಮಾರು 1.4 ಲಕ್ಷ ಜನ ಬಂದಿದ್ದರು. ಮರುವರ್ಷ ಹೊಸ ಜಾಗದಲ್ಲಿ 2.66 ಲಕ್ಷ. ಈಗ 10 ಲಕ್ಷ ದಾಟಿದೆ.

ಕ್ಲಬ್ಬು ಎಷ್ಟೇ ಚೆನ್ನಾಗಿದ್ದರೂ ಅದು ಸದಸ್ಯರದ್ದು. ಮೆಲ್ಬರ್ನ್ ಪಾರ್ಕ್ ಊರಿನವರದ್ದು. ಟೂರ್ನಿ ಇಲ್ಲದ ದಿನಗಳಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಅಲ್ಲಿ ಆಡಬಹುದು. ಜನವರಿಯಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬೇರೆ. ಗ್ರೌಂಡ್ ಪಾಸ್ ತೆಗೆದುಕೊಂಡರೆ ಹೊರಗಿನ ಸಣ್ಣ ಕೋರ್ಟ್‌ಗಳಲ್ಲಿ ದಿನವಿಡೀ ಆಟ ನೋಡಬಹುದು. ನನಗೆ ಒಳಗಿನ ದೊಡ್ಡ ಮ್ಯಾಚಿಗಿಂತ ಅದೇ ಇಷ್ಟ. ಬೇಲಿಯ ಪಕ್ಕದ ಬೆಂಚಿನಲ್ಲಿ ಕೂತರೆ ಚೆಂಡಿನ ಹೊಡೆತ ಎದೆಗೆ ಬಡಿದಂತೆ ಕೇಳುತ್ತದೆ. ಬಿಸಿಲು ಜೋರಾದ ದಿನ, ಆಟಗಾರ ಐಸ್ ಸುತ್ತಿದ ಟವೆಲನ್ನು ಕೊರಳಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಾನೆ. ಹಿಂದೆ ಒಂದು ಚಿಕ್ಕ ಹುಡುಗಿ, ಚೆಂಡು ಎತ್ತಿಕೊಡುವವಳು, ಅವನಿಗೆ ಛತ್ರಿ ಹಿಡಿದು ಅಲ್ಲಾಡದೆ ನಿಂತಿರುತ್ತಾಳೆ. ಆ ಹುಡುಗಿಯ ಮುಖದಲ್ಲಿ ಎಂಥ ಗಂಭೀರ!

ಈಗ ನಮ್ಮ ಕಡೆ ನೋಡೋಣ. ಭಾರತದ ಎಟಿಪಿ (ಪುರುಷರ ವಿಶ್ವ ಸರಣಿಯ) ಟೂರ್ನಿ 1996ರಲ್ಲಿ ದೆಹಲಿಯಲ್ಲಿ ಶುರುವಾಗಿ, ಮರುವರ್ಷ ಚೆನ್ನೈಗೆ ಬಂತು. 2017ರವರೆಗೆ ಅಲ್ಲಿತ್ತು. ಆಮೇಲೆ ಪುಣೆ. 2023ರ ನಂತರ ಅದೂ ಇಲ್ಲ. ಬೆಂಗಳೂರಿನ ಕಥೆಯಂತೂ ನನಗೆ ಇವತ್ತಿಗೂ ನೋವು. 2006ರಿಂದ 2008ರವರೆಗೆ ಡಬ್ಲ್ಯೂಟಿಎ (ಹೆಂಗಸರ ವಿಶ್ವ ಸರಣಿಯ) ಟೂರ್ನಿ ನಮ್ಮಲ್ಲೇ ನಡೆಯಿತು. 2008ರಲ್ಲಿ ವಿಲಿಯಮ್ಸ್ ಅಕ್ಕತಂಗಿ ಸೆರೆನಾ, ವೀನಸ್ ಇಬ್ಬರೂ ಬಂದು ಆಡಿದರು, ಸೆರೆನಾ ಗೆದ್ದರು. ಅಷ್ಟೇ, ನಿಂತುಹೋಯಿತು. ನಾವು ಪ್ರಾಯೋಜಕರು ಇರುವಷ್ಟು ದಿನ ನಡೆಸುತ್ತೇವೆ. ಇವರು ಕಷ್ಟ ಬಂದಾಗ ಊರಿನ ಆಸ್ತಿ ಅಂತ ಉಳಿಸಿಕೊಂಡರು. ವ್ಯತ್ಯಾಸ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಹಾಗಂತ ಬೆಂಗಳೂರಿಗೆ ಗ್ರ್ಯಾಂಡ್ ಸ್ಲ್ಯಾಮ್ ಬೇಕು ಅಂತ ನಾನು ಕೇಳುತ್ತಿಲ್ಲ. ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂನಲ್ಲಿ ನಡೆಯುವ ಬೆಂಗಳೂರು ಓಪನ್ ಚಾಲೆಂಜರ್ (ಎಟಿಪಿಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಇದೆಯಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸಣ್ಣ ಟೂರ್ನಿ ಅಂತ ಬಿಡಬಾರದು. 2017ರಲ್ಲಿ ಅದನ್ನು ಗೆದ್ದವರು ಸುಮಿತ್ ನಾಗಲ್. ಅದೇ ನಾಗಲ್ 2024ರಲ್ಲಿ ಇಲ್ಲಿ, ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ (ಟೂರ್ನಿಯ ಮುಂಚೂಣಿಯವರಿಗೆ ಕೊಡುವ ಸೀಡಿಂಗ್) ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸಿನಲ್ಲಿ ಶ್ರೇಯಾಂಕದ ಆಟಗಾರನನ್ನು ಭಾರತದ ಗಂಡಸೊಬ್ಬ ಸೋಲಿಸಿ 35 ವರ್ಷ ಆಗಿತ್ತು. ಹಿಂದಿನವರು ರಮೇಶ್ ಕೃಷ್ಣನ್, 1989ರಲ್ಲಿ, ಇದೇ ಮೆಲ್ಬರ್ನಿನಲ್ಲಿ, ಆಗಿನ ನಂಬರ್ ಒನ್ ಮ್ಯಾಟ್ಸ್ ವಿಲಾಂಡರ್ ವಿರುದ್ಧ.

ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗ ಅಂತ ಗೊತ್ತಾದರೆ ಜನ ಮೊದಲೇ ರಜೆ ಹಾಕುತ್ತಾರೆ. ಸುತ್ತಮುತ್ತಲ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆತಂದು ಕೂರಿಸಿ, ಅವರಿಗೆ ಚೆಂಡು ಎತ್ತಿಕೊಡುವ ಕೆಲಸ ಕಲಿಸಲಿ. ಮುಂದಿನ ಸಲ ಊರಿಗೆ ಬರುವ ಟಿಕೆಟನ್ನು ನಾನು ಆ ಟೂರ್ನಿಯ ದಿನ ನೋಡಿಕೊಂಡೇ ಮಾಡಿಸಬೇಕು ಅಂತಿದ್ದೇನೆ. ಮಗಳನ್ನೂ ಕರೆತರುತ್ತೇನೆ.