ನೋವಿಗೆ ದುಂಡು ಮೊತ್ತ, ಬಿಲ್ಲಿಗೆ ಸೆಂಟಿನ ಲೆಕ್ಕ

ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರುವವರು ಮರೆಯದೆ ಜೋಪಾನ ಮಾಡಬೇಕಾದದ್ದು ರಸೀದಿಗಳನ್ನು. ವಕೀಲರಿಗೆ ತೆತ್ತ ಹಣ ನಿಜವಾಗಿ ಖರ್ಚಾಗಿರಬೇಕು, ಆ ಖರ್ಚು ಅಗತ್ಯವೂ ಆಗಿರಬೇಕು, ಮೊತ್ತ ಮಿತಿ ಮೀರಿರಬಾರದು. ಇಷ್ಟನ್ನೂ ಬಾಬ್ತುವಾರು ವಿಂಗಡಿಸಿ, ದಾಖಲೆ ಸಮೇತ ಗಡುವಿನೊಳಗೆ ಸಲ್ಲಿಸದಿದ್ದರೆ ಬಿಡಿಗಾಸೂ ಸಿಗದೆ ಹೋಗಬಹುದು. ಮನೋವೇದನೆಗೆ ಮಾತ್ರ ಈ ರಗಳೆಯಿಲ್ಲ. ಅದನ್ನು ನ್ಯಾಯಮೂರ್ತಿಗಳೇ ಅಂದಾಜಿನಲ್ಲಿ ತೂಗುತ್ತಾರೆ.

1974ರಲ್ಲಿ ಟರ್ಕಿಯ ಸೇನೆ ಉತ್ತರ ಸೈಪ್ರಸ್ಸಿಗೆ ನುಗ್ಗಿದ ಮೇಲೆ, ಕೈರೀನಿಯಾದ ತಮ್ಮ ಸ್ವಂತ ಜಮೀನಿಗೆ ಕಾಲಿಡಲಾಗದೆ ಹೋದ ಮಹಿಳೆಯೊಬ್ಬರಿಗೆ ಈ ನ್ಯಾಯಾಲಯ 1998ರಲ್ಲಿ ಜಮೀನಿನ ನಷ್ಟಕ್ಕೆ 3 ಲಕ್ಷ ಸೈಪ್ರಸ್ ಪೌಂಡ್, ಅನುಭವಿಸಿದ ವೇದನೆಗೆ 20 ಸಾವಿರ ಪೌಂಡ್, ದಾವೆಯ ಖರ್ಚಿಗೆ 1,37,084 ಪೌಂಡ್ 83 ಸೆಂಟ್ ಕೊಡುವಂತೆ ಟರ್ಕಿಗೆ ಆದೇಶಿಸಿತು. ವರ್ಷಗಟ್ಟಲೆಯ ಸಂಕಟ ದುಂಡು ಮೊತ್ತದಲ್ಲಿ ಮುಗಿಯಿತು. ಅದರ ಸುಮಾರು ಏಳು ಪಟ್ಟು ದೊಡ್ಡದಾದ ಬಿಲ್ಲಿನ ಬಾಲದಲ್ಲಿದ್ದ 83 ಸೆಂಟಿಗೂ ಅನ್ಯಾಯವಾಗಲಿಲ್ಲ. ಮೂರು ತಿಂಗಳಲ್ಲಿ ಪಾವತಿಯಾಗಬೇಕಿದ್ದ ಹಣ ಬಂದದ್ದು 2003ರ ಡಿಸೆಂಬರ್‌ನಲ್ಲಿ ಎಂಬುದು ಬೇರೆ ಮಾತು.

ಆಕೆಯನ್ನು ಅದೃಷ್ಟವಂತೆ ಎನ್ನಬೇಕು. ಕೈದಿಗಳಿಗೆ ಸಾರಾಸಗಟಾಗಿ ಮತದಾನ ನಿಷೇಧಿಸುವ ಬ್ರಿಟನ್ನಿನ ಕಾನೂನು ತಪ್ಪೆಂದು 2005ರಲ್ಲೇ ತೀರ್ಪಾಗಿದ್ದರೂ ಸರ್ಕಾರ ಕದಲಲಿಲ್ಲ. 2014ರಲ್ಲಿ ಹತ್ತು ಮಂದಿ ಕೈದಿಗಳು ಅದೇ ದೂರಿನ ಮೇಲೆ ಗೆದ್ದಾಗ, ಉಲ್ಲಂಘನೆಯಾಗಿದೆ ಎಂದು ತಾನು ಹೇಳಿದ್ದೇ ಸಾಕಷ್ಟು ಪರಿಹಾರವೆಂದು ನ್ಯಾಯಾಲಯ ಅವರ ಮೂಗಿಗೆ ತುಪ್ಪ ಸವರಿತು. ಇಷ್ಟು ಸರಳ ಅರ್ಜಿಗೆ ವಕೀಲರ ಅಗತ್ಯವೇ ಇರಲಿಲ್ಲವೆಂಬ ಕಾರಣಕ್ಕೆ ದಾವೆಯ ಖರ್ಚನ್ನೂ ಕೊಡಿಸಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯ ಮೊದಲರ್ಧ ಮಾತ್ರ ಅಲ್ಲಿ ಅನ್ವಯಿಸುತ್ತದೆ. ಸೋತ ಸರ್ಕಾರದ ಕೂದಲೂ ಕೊಂಕಲಿಲ್ಲ.

ದೊಡ್ಡ ಮೊತ್ತಗಳ ಗತ್ತೇ ಬೇರೆ. ಅದೇ 2014ರಲ್ಲಿ ಟರ್ಕಿಯು ಸೈಪ್ರಸ್ಸಿಗೆ 9 ಕೋಟಿ ಯೂರೊ, ರಷ್ಯಾವು ಯೂಕೋಸ್ ತೈಲ ಕಂಪನಿಯ ಷೇರುದಾರರಿಗೆ ಸುಮಾರು 187 ಕೋಟಿ ಯೂರೊ ಕೊಡಬೇಕೆಂದು ತೀರ್ಪಾಯಿತು. ವಸೂಲಾತಿಯ ಮೇಲ್ವಿಚಾರಣೆ, ಈ ನ್ಯಾಯಾಲಯದ ಮಾತೃಸಂಸ್ಥೆಯಾದ ಯುರೋಪ್ ಮಂಡಳಿಯ ಸದಸ್ಯ ದೇಶಗಳ ಮಂತ್ರಿಗಳ ಸಮಿತಿಯದು. ಅಂದರೆ ಸಾಲಗಾರನಿಗೂ ಅಲ್ಲೊಂದು ಕುರ್ಚಿ ಖಾಯಂ. ಟರ್ಕಿ ಕುಳಿತೇ ಇದೆ. ಹಣ ಕೊಡುವುದು ತನ್ನ ಸಂವಿಧಾನಕ್ಕೇ ವಿರುದ್ಧವೆಂದು 2017ರಲ್ಲಿ ತನ್ನ ಸಾಂವಿಧಾನಿಕ ನ್ಯಾಯಾಲಯದಿಂದಲೇ ಹೇಳಿಸಿದ ರಷ್ಯಾವನ್ನು ಉಕ್ರೇನ್ ಯುದ್ಧ ಶುರುವಾದ ನಂತರ, 2022ರಲ್ಲಿ, ಯುರೋಪ್ ಮಂಡಳಿಯಿಂದಲೇ ಹೊರಹಾಕಲಾಯಿತು. ಮಂಡಳಿ ಮಾತ್ರ ಧೃತಿಗೆಡುವಂತಿಲ್ಲ, ಏಕೆಂದರೆ ತಡವಾದ ಪಾವತಿಗೆ ಯುರೋಪಿಯನ್ ಕೇಂದ್ರ ಬ್ಯಾಂಕಿನ ಸಾಲದ ದರಕ್ಕೆ ಮೂರು ಶೇಕಡಾ ಅಂಶ ಸೇರಿಸಿದ ದರದಲ್ಲಿ ಸರಳ ಬಡ್ಡಿ ಬೀಳುತ್ತದೆಂದು ಸ್ಪಷ್ಟವಾಗಿ ಬರೆದಿಡಲಾಗಿದೆ.